ದೊಡ್ಡಪ್ಪನ ನಿದ್ದೆಗೊಂದು ಬಂದರು

ವ್ಯಾನ್ ಇಟ್ಟುಕೊಂಡವನ ಬಾಳಿನಲ್ಲಿ ಏನಾದರೊಂದು ತಮಾಷೆ ನಡೆಯದ ವಾರವೇ ಇಲ್ಲ. ತಮಿಳುನಾಡಿಗೆ ಸೇರಿದ ತಾಳವಾಡಿ ಬೆಟ್ಟದಲ್ಲಿ ನನ್ನದೊಂದು ವ್ಯಾನ್ ಇದೆ. ಮದುವೆಗೆ, ಆಸ್ಪತ್ರೆಗೆ, ಬೀಗರೂಟಕ್ಕೆ, ದೇವರಿಗೆ, ಕೊನೆಗೆ ಅಣ್ಣತಮ್ಮಂದಿರ ಜಗಳ ತೀರಿಸುವ ಪಂಚಾಯಿತಿಗೂ ಜನ ಅದನ್ನೇ ಕರೆಯುತ್ತಾರೆ. ಹತ್ತುವಾಗ ಒಂದು ಊರು ಹೇಳುತ್ತಾರೆ, ಅರ್ಧ ದಾರಿಗೆ ಬಂದ ಮೇಲೆ ಇನ್ನೊಂದು ಊರು ನೆನಪಾಗುತ್ತದೆ. ನಾನು ಚೆನ್ನಾಗಿ ಬಯ್ಯುತ್ತೇನೆ. ಬೈದು ಮುಗಿಸಿ ಆ ಊರಿಗೇ ಕರೆದುಕೊಂಡು ಹೋಗುತ್ತೇನೆ. ನನ್ನ ಬೈಗುಳಕ್ಕೆ ಯಾರೂ ಹೆದರಬೇಕಾಗಿಲ್ಲ ಅಂತ ನನ್ನ ಹೆಂಡತಿ ಊರೆಲ್ಲ ಹೇಳಿಟ್ಟಿದ್ದಾಳೆ.

ಆದರೆ ಬೆಟ್ಟದ ಮೇಲಿರುವ ನಾವು, ಸಮುದ್ರದ ನಡುವಿನ ದ್ವೀಪ ನೋಡಲು ಯಾವ ಬಂದರಿನಲ್ಲಿ ದೋಣಿ ಹತ್ತಬೇಕು ಅಂತ ತೀರ್ಮಾನ ಮಾಡಿದ ಕತೆ ಇದೆಯಲ್ಲ, ಅದರ ಮುಂದೆ ಉಳಿದದ್ದೆಲ್ಲ ಸಪ್ಪೆ.

ಒಡೆಯದ ಕಂದಕ

ಜೀರಹಳ್ಳಿಯ ನಮ್ಮ ದೊಡ್ಡಪ್ಪನ ಹೊಲ ಇರುವುದು ಕಾಡಿನ ಅಂಚಿಗೆ. ಕೋಸು, ಬೀಟ್‌ರೂಟು, ಮುಸುಕಿನ ಜೋಳ ಬೆಳೆಯುತ್ತಾನೆ. ಇವೆಲ್ಲ ಅವನಿಗೆ ಎಷ್ಟು ಇಷ್ಟವೋ ಆನೆಗೂ ಅಷ್ಟೇ ಇಷ್ಟ. ಹಾಗಾಗಿ ಹುಡುಗನಾಗಿದ್ದಾಗಿನಿಂದ ಅವನ ರಾತ್ರಿಗಳೆಲ್ಲ ಅಟ್ಟಣೆಯ ಮೇಲೆ, ಟಾರ್ಚು, ತಗಡಿನ ಡಬ್ಬ ಇಟ್ಟುಕೊಂಡು ಕಳೆದಿವೆ. ಈಗ ಮಗ ಕಾವಲಿಗೆ ಹೋಗುತ್ತಾನೆ. ಆದರೂ ಇವನಿಗೆ ಮನೆಯಲ್ಲಿ ನಿದ್ದೆ ಹತ್ತುವುದಿಲ್ಲ. ಒಂದು ಕಿವಿ ದಿಂಬಿಗೆ, ಇನ್ನೊಂದು ಕಿವಿ ಹೊಲಕ್ಕೆ. ಪಕ್ಕದ ಮನೆಯಲ್ಲಿ ಯಾರಾದರೂ ಜೋರಾಗಿ ಆಕಳಿಸಿದರೂ ಎದ್ದು ಕೂತು ಟಾರ್ಚು ತಡಕಾಡುತ್ತಾನೆ.

ಒಂದು ದಿನ ನಮ್ಮ ಮನೆ ಜಗಲಿಯ ಮೇಲೆ ಕೂತಿದ್ದವನು ನನ್ನ ಫೋನಿಗೆ ಇಣುಕಿದ. ಯಾರೋ ಕಳಿಸಿದ ವಿಡಿಯೋ. ನೀಲಿ ನೀರು, ನಡುವೆ ಒಂದಿಷ್ಟು ಮಣ್ಣು, ನಾಲ್ಕಾರು ತೆಂಗಿನ ಮರ.

"ಇದೇನ್ಲಾ ಇದು?"

"ದ್ವೀಪ ದೊಡ್ಡಪ್ಪ. ಸಮುದ್ರದ ಮಧ್ಯೆ ಇರೋ ಜಾಗ."

"ಸುತ್ತಾನೂ ನೀರಾ?"

"ಸುತ್ತಾನೂ ನೀರೇ."

"ಎಲ್ಲೂ ಒಡ್ದೋಗಿಲ್ವಾ?"

"ಸಮುದ್ರ ಎಲ್ಲಾದ್ರೂ ಒಡೆದು ಹೋಗುತ್ತಾ?"

ದೊಡ್ಡಪ್ಪ ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡು ಕಣ್ಣಿನ ಹತ್ತಿರ ಹಿಡಿದ. "ಯಪ್ಪಾ! ಎಂಥಾ ಕಂದಕ ಕಣ್ಲಾ! ನಮ್ಮೊಲದ ಕಂದಕ ಒಂದು ಮಳೆ ಉಯ್ದ್ರೆ ಕುಸೀತದೆ, ಆನೆ ಅಂಗೇ ಜಾರ್ಕೊಂಡು ಬಂದ್ಬುಡ್ತದೆ. ಇದ್ನ ಯಾರ್ಲಾ ತೋಡ್ಸಿದ್ದು?"

ಪಕ್ಕದ ಮನೆಯ ಮೇಷ್ಟ್ರು ಆಗಲೇ ಬೇಲಿ ಹತ್ತಿರ ಬಂದು ನಿಂತಿದ್ದರು. ಭೂಗೋಳ ಪಾಠ ಮಾಡಿ ನಿವೃತ್ತರಾದವರು. ಪಾಠ ನಿಲ್ಲಿಸಿಲ್ಲ, ಸಂಬಳ ಮಾತ್ರ ನಿಂತಿದೆ. "ಆನೆಗೆ ಚೆನ್ನಾಗಿ ಈಜು ಬರುತ್ತೆ, ಗೊತ್ತಾ?" ಅಂದರು.

"ಮೇಷ್ಟ್ರೇ, ನೀವ್ ವಸಿ ಸುಮ್ಕಿರಿ. ಅದ್ಕೆ ಗೊತ್ತಿಲ್ದಿದ್ರೂ ನೀವೇ ಯೋಳ್ಕೊಟ್ಟೀರಿ" ಅಂದ ದೊಡ್ಡಪ್ಪ.

ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದ: "ಅಲ್ಲಿ ಒಂದ್ಸಲ ಮನಿಕ್ಕಬೇಕು ಕಣ್ಲಾ. ಎಲ್ಡೂ ಕಿವಿ ಮುಚ್ಕೊಂಡು. ಅಗ್ಲೊತ್ತಾದ್ರೂ ಸರಿ, ಒಂದು ಜೋಂಪು ಸಾಕು."

ಇಷ್ಟು ವಯಸ್ಸಾದ ಮನುಷ್ಯ ಕೇಳುತ್ತಿರುವುದು ಒಂದೇ ಒಂದು ನಿದ್ದೆ. ಬಯ್ಯಲು ಬಾಯಿ ಬರಲಿಲ್ಲ. "ಕರ್ಕೊಂಡು ಹೋಗ್ತೀನಿ ದೊಡ್ಡಪ್ಪ" ಅಂದೆ. ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಮೇಷ್ಟ್ರು ಬಿಸಿಲಿನ ಟೋಪಿ ತರಲು ಮನೆಯೊಳಕ್ಕೆ ಹೋಗಿಬಿಟ್ಟಿದ್ದರು.

ಟೀ ಬೆಂಚಿನ ಮೇಲೆ ಎರಡು ಸಮುದ್ರ

ಆ ವಾರದಲ್ಲೇ ಸತ್ಯಮಂಗಲಕ್ಕೆ ಒಂದು ಬಾಡಿಗೆ ಇತ್ತು. ಬರುವಾಗ ವ್ಯಾನ್ ಖಾಲಿ ಅಂತ ದೊಡ್ಡಪ್ಪ, ಮೇಷ್ಟ್ರು ಇಬ್ಬರನ್ನೂ ಕರೆದುಕೊಂಡು ಹೋಗಿದ್ದೆ. ಘಾಟಿ ಹತ್ತಿ ಬಂದು ದಿಂಬಂನಲ್ಲಿ ಟೀಗೆ ನಿಲ್ಲಿಸಿದಾಗ, ಮೇಷ್ಟ್ರು ಬೆಂಚಿನ ಮೇಲೆ ಚೆಲ್ಲಿದ ಟೀಯಲ್ಲಿ ಬೆರಳದ್ದಿ ದಕ್ಷಿಣ ಭಾರತ ಬರೆದರು.

"ನಾವಿರೋದು ಇಲ್ಲಿ. ಎರಡು ಕಡೆಯೂ ಸಮುದ್ರ. ಪೂರ್ವಕ್ಕೆ ಹೋದರೆ ರಾಮೇಶ್ವರ. ಪಶ್ಚಿಮಕ್ಕೆ ಕೊಚ್ಚಿ, ಮೇಲಕ್ಕೆ ಮಲ್ಪೆ. ಮೂರು ಕಡೆಯಿಂದಲೂ ದ್ವೀಪಕ್ಕೆ ಹೋಗಬಹುದು. ನನ್ನ ಅಭಿಪ್ರಾಯ ಕೊಚ್ಚಿ. ಅಲ್ಲಿಂದ ದೂರದ ದ್ವೀಪಗಳಿಗೆ ದೊಡ್ಡ ಹಡಗು ಹೋಗುತ್ತೆ. ಮುಂಚೆಯೇ ಅನುಮತಿಗೆ ಅರ್ಜಿ ಹಾಕಬೇಕು, ಅಷ್ಟೆ."

ಅರ್ಜಿಗೆ ನಮ್ಮ ಕಡೆ ತಮಿಳಿನ ಹಾಗೆ ಮನು ಅಂತಲೇ ಹೇಳುವುದು. "ಮನುನಾ?" ಅಂದ ದೊಡ್ಡಪ್ಪ. "ಮನಿಕ್ಕಳಾಕೂ ಮನು ಕೊಡ್ಬೇಕಾ? ನಾ ಒಲ್ಲೆ. ಮುಂದ್ಕೆ ಯೋಳಿ."

"ಹಾಗಾದರೆ ರಾಮೇಶ್ವರದ ಕಡೆ. ಅಲ್ಲಿ ಒಂದು ಸಣ್ಣ ದ್ವೀಪ ಇದೆ, ಚೆನ್ನಾಗಿದೆಯಂತೆ. ದೋಣಿ ಬಿಡೋದು ಅರಣ್ಯ ಇಲಾಖೆಯವರು."

ದೊಡ್ಡಪ್ಪ ಟೀ ಲೋಟ ಕೆಳಗಿಟ್ಟ. ಇಲಾಖೆಯ ಮೇಲೆ ಅವನಿಗೆ ಸಿಟ್ಟೇನೂ ಇಲ್ಲ. ಕಾವಲಿನವರೆಲ್ಲ ಅವನಿಗೆ ನೆಂಟರಷ್ಟೇ ಬಳಕೆ, ಎಷ್ಟೋ ರಾತ್ರಿ ಅವರ ಜೊತೆಗೇ ಪಟಾಕಿ ಹಚ್ಚಿದ್ದಾನೆ. ಆದರೂ ತಲೆಯಾಡಿಸಿದ.

"ಬ್ಯಾಡ ಮೇಷ್ಟ್ರೇ. ಕಾಕಿ ಬಟ್ಟೆ ಕಂಡ್ರೆ ನಂಗೆ ಆನೆ ಗ್ಯಾನ ಬತ್ತದೆ. ಆನೆ ಗ್ಯಾನ ಬಂದ್ರೆ ನಿದ್ದೆ ಬರಾಕಿಲ್ಲ. ನಿದ್ದೆ ಬರ್ದಿದ್ಮೇಲೆ ಅಷ್ಟು ದೂರ ಯಾಕ್ ಓಗದು, ನಮ್ಮ ಅಟ್ಟಣೆನೇ ಇಲ್ವಾ?"

ಅಲ್ಲಿಗೆ ಮಲ್ಪೆ ಅಂತಾಯಿತು. ಮೇಷ್ಟ್ರು ಬೇಜಾರಿನಿಂದ ಕೊಚ್ಚಿಯ ಮೇಲೆ ಅಂಗೈ ಎಳೆದರು. ಟೀ ಅಂಗಡಿಯವನು ಬಂದು ಉಳಿದ ದಕ್ಷಿಣ ಭಾರತವನ್ನೆಲ್ಲ ಬಟ್ಟೆಯಲ್ಲಿ ಒರೆಸಿಕೊಂಡು ಹೋದ.

ಅತ್ತೆಯ ಮೂಗು

ತೀರ್ಮಾನ ಆಯಿತು ಅಂದುಕೊಂಡು ಮನೆಗೆ ಬಂದರೆ ಗೆಟ್ಟವಾಡಿಯಿಂದ ನಮ್ಮ ಅತ್ತೆ ಬಂದು ಕೂತಿದ್ದರು. ಅತ್ತೆ ಅಂದರೆ ನನ್ನ ಹೆಂಡತಿಯ ತಾಯಿ. ಬೆಳಗ್ಗೆ ವಿಭೂತಿ ಹಚ್ಚಿಕೊಂಡು ಶಿವಪೂಜೆ ಮುಗಿಸದೆ ನೀರೂ ಕುಡಿಯದವರು. ಅವರ ಮನೆಯಲ್ಲಿ ಮೀನು ಅನ್ನುವ ಮಾತು ಬರುವುದು ಪಂಚಾಂಗದಲ್ಲಿ ಮೀನ ರಾಶಿ ಓದುವಾಗ ಮಾತ್ರ.

"ಅಳಿಮಯ್ಯ, ನಾನೂ ಬತ್ತೀನಿ" ಅಂದರು. "ಆದ್ರೆ ದೋಣಿ ಅತ್ತೋ ಜಾಗ್ದಲ್ಲಿ ಮೀನು ವಾಸ್ನೆ ಇರಬಾರ್ದು. ನಂಗೆ ತಡ್ಯಾಕಾಗಾಕಿಲ್ಲ."

"ಅತ್ತೆ, ಅದು ಬಂದರು. ಅಲ್ಲಿ ಮೀನಲ್ಲದೆ ಮಲ್ಲಿಗೆ ಹೂ ಇಳಿಸ್ತಾರಾ?"

"ನೀವ್ ಫೋನ್ ಮಾಡಿ ಕೇಳಿ. ಕೇಳಿದ್ರೆ ಏನೋಯ್ತು? ಇಲ್ದಿದ್ರೆ ರಾಮೇಶ್ವರಕ್ಕೇ ಓಗವಾ. ಸಿವನ ಊರು, ಅಲ್ಲಿ ಅವ್ನೇ ನೋಡ್ಕತಾನೆ."

ಅತ್ತೆಗೆ ಎದುರು ಮಾತಾಡಿದರೆ ಸಾರಿಗೆ ಉಪ್ಪು ಬೀಳುವುದಿಲ್ಲ. ಮಲ್ಪೆಯ ಒಂದು ವಸತಿಗೃಹದ ನಂಬರು ಹುಡುಕಿ ಫೋನ್ ಮಾಡಿದೆ. ಅತ್ತೆಗೆ ಕೇಳಲಿ ಅಂತ ಸ್ಪೀಕರ್‌ಗೆ ಹಾಕಿದೆ. ರೂಮು, ದೋಣಿ ಎಲ್ಲ ವಿಚಾರಿಸಿ, ನಾಚಿಕೆ ಬಿಟ್ಟು ಕೇಳಿಯೇಬಿಟ್ಟೆ: "ಸ್ವಾಮಿ, ಬಂದರಿನಲ್ಲಿ ಮೀನಿನ ವಾಸನೆ ಏನಾದ್ರೂ ಇರುತ್ತಾ?"

ಆ ಕಡೆಯವರು ಬಹಳ ಪ್ರೀತಿಯಿಂದ ಹೇಳಿದರು: "ಎಂಥ ಹೆದರ್ತೀರಿ ಮಾರಾಯ್ರೆ! ಬೆಳಿಗ್ಗೆ ಬೇಗ ಬನ್ನಿ, ಒಳ್ಳೆ ಪರಿಮಳ ಉಂಟು!"

ಹೂವಿನ ತೀರ್ಪು

ಅತ್ತೆ ರಾಮೇಶ್ವರ ಅಂದರು, ದೊಡ್ಡಪ್ಪ ಮಲ್ಪೆ ಅಂದ. ನನ್ನ ಹೆಂಡತಿಗೆ ಯಾವ ಬಂದರಾದರೂ ಸರಿ, ದಿಂಬಂ ಘಾಟಿ ಇಳಿಯಬಾರದು. ಆ ತಿರುವುಗಳಲ್ಲಿ ಅವಳಿಗೆ ಹೊಟ್ಟೆ ಬಾಯಿಗೆ ಬರುತ್ತದೆ. ಕೊನೆಗೆ ಶಿವನ ಗುಡಿಯಲ್ಲಿ ಹೂ ಕೇಳುವುದು ಅಂತಾಯಿತು.

ಹೂ ಕೇಳುವುದು ಅಂದರೆ ನಮ್ಮ ಕಡೆ ದೊಡ್ಡ ನ್ಯಾಯಸ್ಥಾನ. ಪೂಜಾರಿ ಲಿಂಗದ ಎರಡು ಪಕ್ಕಕ್ಕೂ ಒದ್ದೆ ಹೂ ಅಂಟಿಸುತ್ತಾನೆ. ನಾವು ಮನಸ್ಸಿನಲ್ಲಿರುವುದನ್ನು ಹೇಳಿ ಕೈಮುಗಿದು ಕೂರಬೇಕು. ಯಾವ ಕಡೆಯದು ಮೊದಲು ಬೀಳುತ್ತದೋ ಅದೇ ದೇವರ ಮಾತು. ಮದುವೆ, ಬೋರ್‌ವೆಲ್, ಹಸು ಮಾರಾಟ ಎಲ್ಲ ಹೀಗೇ ತೀರುವುದು. ಬಂದರಿನ ಕೇಸು ಮಾತ್ರ ಆ ದೇವರ ಮುಂದೆ ಅದೇ ಮೊದಲು ಬಂದಿರಬೇಕು.

"ಬಲಕ್ಕೆ ಮಲ್ಪೆ, ಎಡಕ್ಕೆ ರಾಮೇಶ್ವರ" ಅಂತ ನಾನು ಒಪ್ಪಿಸಿದೆ.

"ನೆತ್ತಿ ಮೇಲೆ ಒಂದು ಹೂ ಇಡಪ್ಪಾ, ಕೊಚ್ಚಿಗೆ" ಅಂದರು ಮೇಷ್ಟ್ರು.

"ಅದೆಲ್ಲ ಬ್ಯಾಡಿ ಮೇಷ್ಟ್ರೇ. ಸಾಮಿಗೆ ಎಡ ಬಲ ಎಲ್ಡೇ ರೂಢಿ" ಅಂದ ಪೂಜಾರಿ.

ಕೂತೆವು. ಹೂ ಬೀಳಲಿಲ್ಲ. ದೊಡ್ಡಪ್ಪ ಕಣ್ಣು ಮುಚ್ಚಿ ತುಟಿ ಅಲ್ಲಾಡಿಸುತ್ತಿದ್ದ. ಅವನು ಕೇಳುತ್ತಿರುವುದು ಬಂದರಲ್ಲ, ನಿದ್ದೆ ಅಂತ ನನಗೆ ಗೊತ್ತಿತ್ತು. ಕಾಲು ಜೋಮು ಹಿಡಿಯಿತು. ಆದರೂ ಹೂ ಬೀಳಲಿಲ್ಲ. ಪೂಜಾರಿಗೂ ಬೇಸರ ಬಂದಿರಬೇಕು, ಮೆಲ್ಲಗೆ ಕೇಳಿದ: "ಈ ಮಲ್ಪೆ ಅನ್ನೋದು ಯಾವ ಕಡೆ?"

"ಉಡುಪಿ ಪಕ್ಕದಲ್ಲೇ" ಅಂದರು ಮೇಷ್ಟ್ರು. "ಬಾಳೆ ಎಲೆ ಊಟ. ಕೋಸಂಬರಿ, ಹುಳಿ, ಸಾರು, ಪಾಯಸ. ಎಲ್ಲಾ ಸಸ್ಯಾಹಾರ."

ಪೂಜಾರಿ ಎದ್ದು ಮತ್ತೊಂದು ಮಂಗಳಾರತಿ ಹಚ್ಚಿದ. ತಟ್ಟೆ ಬಲಗಡೆಯಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಂತಿತು ಅನ್ನುವುದು ಮೇಷ್ಟ್ರ ದೂರು. ನಾನು ನೋಡಲಿಲ್ಲ, ನನ್ನ ಕಣ್ಣು ಹೂವಿನ ಮೇಲಿತ್ತು. ಬಲಗಡೆಯ ಹೂ ಬಿತ್ತು. ದೊಡ್ಡಪ್ಪ ಅಲ್ಲೇ ಅಡ್ಡಬಿದ್ದ. ಶಿವನೇ ರಾಮೇಶ್ವರ ಬೇಡ ಅಂದ ಮೇಲೆ ಅತ್ತೆ ಯಾರ ಹತ್ತಿರ ಹೋಗಿ ಹೇಳಿಕೊಳ್ಳುತ್ತಾರೆ? ಅವರೂ ಕೆನ್ನೆ ತಟ್ಟಿಕೊಂಡರು.

ಪೂಜಾರಿ ಎಲ್ಲರಿಗೂ ತೀರ್ಥ ಕೊಟ್ಟು ಗಂಭೀರವಾಗಿ ಹೇಳಿದ: "ಸಾಮಿ ಅಪ್ಪಣೆ ಆಯ್ತು. ಕಿಟಕಿ ಪಕ್ಕದ ಸೀಟು ನಂಗಿರ್ಲಿ."

ಕೆಳಗಿರುವ ಸಮುದ್ರ

ಚಾಮರಾಜನಗರದ ಕಡೆಯಿಂದ ಹೊರಟೆವು. ದಾರಿ ಸಮತಟ್ಟು. ದಿಂಬಂ ತಪ್ಪಿತು ಅಂತ ನನ್ನ ಹೆಂಡತಿ ಮೈಸೂರು ದಾಟುವವರೆಗೂ ಹಾಡು ಗುನುಗುತ್ತಿದ್ದಳು. ನಾನು ಒಂದು ವಿಷಯ ಬಾಯಿ ಬಿಟ್ಟಿರಲಿಲ್ಲ. ಸಕಲೇಶಪುರ ದಾಟಿದ ಮೇಲೆ ವ್ಯಾನ್ ಎಡಕ್ಕೆ ವಾಲಿತು, ಬಲಕ್ಕೆ ವಾಲಿತು, ಮತ್ತೆ ಎಡಕ್ಕೆ.

"ರೀ, ಇದೇನಿದು?"

"ಘಾಟಿ" ಅಂದೆ.

"ಇಲ್ಲೂ ಘಾಟಿನಾ? ಮೊದ್ಲೇ ಯಾಕೆ ಯೋಳ್ನಿಲ್ಲ ನೀವು?"

"ಸಮುದ್ರ ಕೆಳಗಿದೆ ಕಣೇ. ನಾವು ಮೇಲಿದ್ದೀವಿ. ಎಲ್ಲಿಂದ ಹೋದರೂ ಇಳೀಲೇಬೇಕು."

ಅವಳು ಪೂಜಾರಿಯ ಕಿಟಕಿಯನ್ನು ಕಿತ್ತುಕೊಂಡು ತಲೆ ಹೊರಗೆ ಹಾಕಿದಳು. ಘಾಟಿ ಮುಗಿದ ಮೇಲೆ ಒಳಕ್ಕೆ ತಲೆ ತಂದು, ಉಸಿರು ಬಿಟ್ಟು ಹೇಳಿದಳು: "ನೀರಿಲ್ದಿದ್ರೂ ಪರವಾಗಿಲ್ಲ, ನಮ್ಮ ಊರಲ್ಲೇ ಒಂದು ದ್ವೀಪ ಮಾಡ್ಕೊಡಿ."

ಡಬ್ಬಿ

ಬೆಳಗ್ಗೆ ಬಂದರಿಗೆ ಹೋದೆವು. ವಸತಿಗೃಹದವರು ಹೇಳಿದ ಪರಿಮಳ ದೂರದಿಂದಲೇ ಬಂತು. ಅತ್ತೆ ಕರ್ಚೀಫಿಗೆ ಕರ್ಪೂರ ಪುಡಿ ಮಾಡಿ ಸುತ್ತಿಕೊಂಡು ಮೂಗಿಗೆ ಒತ್ತಿ ಹಿಡಿದರು. "ಸಿವಾ ಸಿವಾ" ಅನ್ನುವುದಕ್ಕೂ ಬಾಯಿ ತೆರೆಯಲಿಲ್ಲ, ಮನಸ್ಸಿನಲ್ಲೇ ಅಂದುಕೊಂಡಿರಬೇಕು. ದೋಣಿಗೆ ಇನ್ನೂ ಹೊತ್ತಿತ್ತು. ನೆರಳು ಇದ್ದದ್ದು ಒಂದೇ ಕಡೆ. ಅಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಒಬ್ಬ ಹೆಂಗಸು ಕೂತಿದ್ದಳು. ಅತ್ತೆ ಅವಳಿಗೆ ಬೆನ್ನು ಹಾಕಿ ಕೂತರು.

ಪೂಜಾರಿಗೆ ಹಸಿವು. ಬೇರೆ ದಾರಿಯಿಲ್ಲದೆ ಅತ್ತೆ ಒಂದು ಕೈಯಲ್ಲಿ ಮೂಗು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಚೀಲ ಬಿಚ್ಚಿದರು. ರಾಗಿ ರೊಟ್ಟಿ, ಜೊತೆಗೆ ಮನೆಯಲ್ಲೇ ಅರೆದು ತಂದ ಬೆಳ್ಳುಳ್ಳಿ ಖಾರ. ನಮ್ಮ ಬೆಟ್ಟದ ಬೆಳ್ಳುಳ್ಳಿ, ಹೊರಡುವ ಮುಂಚೆಯೇ ಅರೆದದ್ದು, ದಾರಿಯುದ್ದಕ್ಕೂ ಬಿಸಿಲಲ್ಲಿ ಬೆಂದು ಬಂದದ್ದು. ಡಬ್ಬಿಯ ಮುಚ್ಚಳ ತೆಗೆದರು.

ಹಿಂದಿನಿಂದ ಆ ಹೆಂಗಸು ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಕೂಗಿದಳು: "ಅಮ್ಮಾ, ಅದೆಂಥದು ಮಾರಾಯ್ರೆ? ಒಮ್ಮೆ ಮುಚ್ಚಿ, ನನಗೆ ತಲೆ ತಿರುಗ್ತದೆ!"

ಅತ್ತೆ ತಿರುಗಿ ನೋಡಿದರು. ಮೂಗು ಮುಚ್ಚಿಕೊಂಡ ಇಬ್ಬರು ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕದ್ದು ಅತ್ತೆಯೇ. ನಗಲು ಕರ್ಚೀಫು ತೆಗೆಯಲೇಬೇಕಾಯಿತು.

ಕೊನೆಯ ದೋಣಿ

ದ್ವೀಪಕ್ಕೆ ಕಾಲಿಟ್ಟ ಕೂಡಲೇ ಉಳಿದವರೆಲ್ಲ ಕಲ್ಲು, ಅಲೆ, ಕಪ್ಪೆಚಿಪ್ಪು ಅಂತ ಓಡಿದರು. ದೊಡ್ಡಪ್ಪ ಮಾತ್ರ ಹೊಲಕ್ಕೆ ಬಂದವನ ಹಾಗೆ ಅಂಚಿನುದ್ದಕ್ಕೂ ನಡೆಯುತ್ತಾ ಹೊರಟ. ಮರಳಿನಲ್ಲಿ ಬಗ್ಗಿ ಹೆಜ್ಜೆ ಗುರುತು ನೋಡಿದ. ಪೊದೆಗಳ ಹಿಂದೆ ಲದ್ದಿ ಇದೆಯಾ ಅಂತ ನೋಡಿದ. ಒಂದು ತೆಂಗಿನ ಮರದ ಬುಡ ತಟ್ಟಿ, ಯಾರೂ ಮೈ ಉಜ್ಜಿಲ್ಲ ಅಂತ ಖಾತ್ರಿ ಮಾಡಿಕೊಂಡ. ಪೂರ್ತಿ ಒಂದು ಸುತ್ತು ಬಂದು ನನ್ನ ಎದುರು ನಿಂತ.

"ಎಲ್ಲೂ ಒಡ್ದಿಲ್ಲ ಕಣ್ಲಾ" ಅಂದ.

"ಮನಿಕ್ಕೋ ದೊಡ್ಡಪ್ಪ" ಅಂದೆ.

ಟವೆಲ್ ಹಾಸಿ ಮರದ ಕೆಳಗೆ ಮಲಗಿದ. ಸ್ವಲ್ಪ ಹೊತ್ತು ಹಾಗೆ ಹೀಗೆ ಹೊರಳಾಡಿದ. ಒಂದು ಕಿವಿ ತೋಳಿನ ಮೇಲಿಟ್ಟ, ಇನ್ನೊಂದರ ಮೇಲೆ ಅಂಗೈ ಇಟ್ಟುಕೊಂಡ. ಆಮೇಲೆ ಆ ಕೈ ಮೆಲ್ಲಗೆ ಜಾರಿ ಮರಳಿಗೆ ಬಿತ್ತು. ಬಾಯಿ ತೆರೆಯಿತು. ಗೊರಕೆ ಶುರುವಾಯಿತು. ನಾನು ಹುಟ್ಟಿದಾಗಿನಿಂದ ದೊಡ್ಡಪ್ಪ ಗೊರಕೆ ಹೊಡೆದದ್ದನ್ನು ಕೇಳಿರಲಿಲ್ಲ. ಗೊರಕೆ ಹೊಡೆಯುವಷ್ಟು ಆಳಕ್ಕೆ ಅವನ ನಿದ್ದೆ ಯಾವತ್ತೂ ಇಳಿದಿರಲಿಲ್ಲ. ಪಕ್ಕದಲ್ಲಿ ಕೂತು ಅವನ ಮುಖಕ್ಕೆ ಬಿಸಿಲು ಬೀಳದ ಹಾಗೆ ಮೇಷ್ಟ್ರ ಟೋಪಿ ಹಿಡಿದುಕೊಂಡೆ. ನನಗೆ ಬಹಳ ಸಂತೋಷವಾಯಿತು. ಇಷ್ಟು ದೂರ ಬಂದದ್ದು ಸಾರ್ಥಕ ಅನ್ನಿಸಿತು. ಸಂಜೆಯವರೆಗೂ ಅವನು ಮಗ್ಗುಲು ಬದಲಿಸಲಿಲ್ಲ.

ಕೊನೆಯ ದೋಣಿ ಹೊರಡುವ ಹೊತ್ತಾಯಿತು. ಅಲ್ಲಿನ ಕಾವಲುಗಾರರು ಸೀಟಿ ಊದಿ ಊದಿ ಸುಸ್ತಾಗಿದ್ದರು. ಜನ ಕದಲಲಿಲ್ಲ. ಒಬ್ಬರಿಗೆ ಇನ್ನೊಂದು ಫೋಟೋ, ಇನ್ನೊಬ್ಬರಿಗೆ ಇನ್ನೊಂದು ಮುಳುಗು. ಕೊನೆಗೆ ದೋಣಿಯವನಿಗೆ ತಾಳ್ಮೆ ಕೆಟ್ಟು ಹಾರ್ನ್ ಒತ್ತಿದ. ಉದ್ದಕ್ಕೆ, ಘೀ ಅಂತ, ಕೊನೆಯಲ್ಲಿ ಸ್ವಲ್ಪ ಒಡೆದ ದನಿಯಲ್ಲಿ.

ದೊಡ್ಡಪ್ಪ ಮಲಗಿದ್ದ ಜಾಗದಿಂದ ನೆಟ್ಟಗೆ ಎದ್ದು ನಿಂತ. ಕಣ್ಣು ಇನ್ನೂ ಮುಚ್ಚಿಯೇ ಇತ್ತು.

"ಬಂತು ಕಣ್ರೋ! ಒಂಟಿ ಆನೆ! ಒಡೀರಿ, ಒಡೀರಿ ಡಬ್ಬಾನ! ಓಯ್! ಓಯ್!"

ಇದು ಸಮುದ್ರ, ಇಲ್ಲಿ ಆನೆ ಇಲ್ಲ ಅಂತ ನಮಗೆಲ್ಲ ಗೊತ್ತು. ಆದರೆ ಬೆಟ್ಟದವರ ಕೈಕಾಲಿಗೆ ಅದು ಗೊತ್ತಿಲ್ಲವಲ್ಲ. ಅತ್ತೆ ರೊಟ್ಟಿ ಡಬ್ಬಿಯನ್ನು ಕಲ್ಲಿಗೆ ಬಡಿಯತೊಡಗಿದರು. ಪೂಜಾರಿ ಚೀಲದಿಂದ ಪೂಜೆಯ ಗಂಟೆ ತೆಗೆದು ಎರಡು ಕೈಯಲ್ಲೂ ಹಿಡಿದು ಆಡಿಸಿದ. ಮೇಷ್ಟ್ರು ಚಪ್ಪಲಿ ಬಿಟ್ಟು ಎತ್ತರದ ಬಂಡೆ ಏರಿದರು. ನನ್ನ ಹೆಂಡತಿ ಇನ್ನೂ ಬೆಳಕಿರುವಾಗಲೇ ಫೋನಿನ ಟಾರ್ಚ್ ಹಾಕಿ ಪೊದೆಗೆ ಬಿಟ್ಟಳು. ನಾನೂ "ಓಯ್! ಓಯ್!" ಅಂತ ಕೂಗುತ್ತಿದ್ದೇನೆ ಅನ್ನುವುದು ನನಗೆ ಗೊತ್ತಾದದ್ದು ಗಂಟಲು ನೋವು ಬಂದ ಮೇಲೆ.

ನೀರಿನಲ್ಲಿದ್ದವರು ಒದ್ದೆ ಬಟ್ಟೆಯಲ್ಲೇ ಓಡಿದರು. ಫೋಟೋದವರು ಹೆಂಡತಿಯನ್ನು ಮರೆತು ಓಡಿ, ಮತ್ತೆ ನೆನಪಾಗಿ ವಾಪಸ್ ಬಂದು ಕರೆದುಕೊಂಡು ಓಡಿದರು. "ಆನೆಯಂತೆ! ಆನೆಯಂತೆ!" ಅನ್ನುವ ಮಾತು ನಮಗಿಂತ ಮುಂಚೆ ದೋಣಿ ತಲುಪಿತ್ತು. ಕಣ್ಣು ಮುಚ್ಚಿ ಬಿಡುವುದರೊಳಗೆ ದ್ವೀಪ ಖಾಲಿ.

ಕಡೆಗೆ ತಲೆ ತಗ್ಗಿಸಿಕೊಂಡು ಹತ್ತಿದವರು ನಾವು. ದೋಣಿಯವನು ಬಯ್ಯುತ್ತಾನೆ ಅಂತ ನಾನು ಮೊದಲೇ ಕೈಮುಗಿದೆ. ಅವನು ದೊಡ್ಡಪ್ಪನನ್ನು ಹತ್ತಿರ ಕೂರಿಸಿಕೊಂಡು ಕುಡಿಯಲು ನೀರು ಕೊಟ್ಟ.

"ಅಜ್ಜ, ದಿನಾ ಈ ಜನರನ್ನು ದೋಣಿ ಹತ್ತಿಸ್ಲಿಕ್ಕೆ ನಮಗೆ ಸಾಕಾಗ್ತದೆ. ಇವತ್ತು ನೋಡಿ, ಎಷ್ಟು ಚಂದ ಹತ್ತಿದ್ರು! ನೀವು ಇಲ್ಲೇ ನಿಲ್ಲಿ. ಸಂಜೆ ಒಮ್ಮೆ ಹೀಗೆ ಕೂಗಿದ್ರೆ ಆಯ್ತು, ಬೇರೆ ಕೆಲಸ ಎಂಥದೂ ಇಲ್ಲ."

ದೋಣಿಯವರೆಲ್ಲ ನಕ್ಕರು. ದೊಡ್ಡಪ್ಪ ನಗಲಿಲ್ಲ. "ಕೂಗೋ ತಂಕ ಏನ್ ಮಾಡ್ಬೇಕು?" ಅಂತ ಕೇಳಿದ.

"ಎಂಥ ಮಾಡುದು? ಮರದ ಅಡಿಯಲ್ಲಿ ಮಲಗುದು."

ದೊಡ್ಡಪ್ಪ ನೀರಿನ ಬಾಟಲಿ ಕೆಳಗಿಟ್ಟ. ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ.

"ಲೋ, ನೀನ್ ಓಗು ಕಣ್ಲಾ. ಒಲ ನೋಡ್ಕಳಾಕೆ ಮಗನಿಗೆ ಯೋಳ್ಬುಡು. ನಂಗೆ ಕೆಲ್ಸ ಸಿಕ್ತು."

ಅಂದವನೇ ದೋಣಿಯಿಂದ ಇಳಿಯಲು ಒಂದು ಕಾಲು ಆಚೆಗೆ ಹಾಕಿಯೇಬಿಟ್ಟಿದ್ದ. ಹಿಡಿದು ಕೂರಿಸಲು ನಾನು, ಮೇಷ್ಟ್ರು, ಪೂಜಾರಿ ಮೂರೂ ಜನ ಬೇಕಾಯಿತು.